ಭುಜ ಹಿಡಿದುಕೊಂಡಿದೆ, ಫಿಸಿಯೊಥೆರಪಿಗೆ ಹೋಗಲು ಭಯ: ಶುರು ಮಾಡುವ ಮೊದಲು ಏನು ತಿಳಿದಿರಬೇಕು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ. ವಯಸ್ಸು 51. ಮುಂಬೈಯ ಫೋರ್ಟ್‌ನಲ್ಲಿ ಕೆಲಸ, ದಿನಾ ಲೋಕಲ್ ಟ್ರೇನ್ ಪ್ರಯಾಣ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ಳುತ್ತೇನೆ. ಕಳೆದ ಸಲದ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8.4 ಇತ್ತು. ನಾಲ್ಕು ತಿಂಗಳಿಂದ ಬಲ ಭುಜ ನೋವು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಮೊದಲು ಕೈ ಬೆನ್ನ ಹಿಂದೆ ಹೋಗುವುದು ನಿಂತಿತು, ಈಗ ಮೇಲಕ್ಕೂ ಏಳುವುದಿಲ್ಲ. ರವಿಕೆ ಹುಕ್ ಹಾಕಲು ಮಗಳನ್ನು ಕರೆಯಬೇಕು. ಟ್ರೇನಿನಲ್ಲಿ ಹಿಡಿಕೆ ಹಿಡಿಯಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ ‘ಇದರಲ್ಲಿ ಏನೂ ಇಲ್ಲ, ಫ್ರೋಜನ್ ಶೋಲ್ಡರ್’ ಎಂದು ಚೀಟಿಯಲ್ಲಿ ‘ಫಿಸಿಯೊಥೆರಪಿ 15 ಸಿಟಿಂಗ್’ ಬರೆದುಕೊಟ್ಟರು. ನಮ್ಮ ಬಿಲ್ಡಿಂಗಿನ ಒಬ್ಬರು ‘ಕೈ ತಿರುಚಿ ಎಳೀತಾರೆ, ನಾನು ಎರಡೇ ದಿನಕ್ಕೆ ಬಿಟ್ಟೆ’ ಅಂದರು. ಇನ್ನೊಬ್ಬರು ‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಹೋಗಬೇಕು’ ಅಂದರು. ಅತ್ತೆಯವರು ಊರಿಗೆ ಹೋಗಿ ಉಳುಕು ತೆಗೆಯುವವರಿಗೆ ತೋರಿಸು ಅನ್ನುತ್ತಾರೆ. ಕರೆಂಟ್ ಬೇರೆ ಕೊಡುತ್ತಾರಂತೆ. ನಾನು ಹೋಗಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಎಳೆಯುತ್ತಾರೆ ಅನ್ನುವುದು ಒಂದು. ಒಮ್ಮೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಆಗದು ಅನ್ನುವುದು ಇನ್ನೊಂದು. ಎರಡನ್ನೂ ನಾನು ದಿನಾ ಕೇಳುತ್ತೇನೆ. ಮುಲುಂಡಿನ ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಭುಜ ಹಿಡಿದು ಬರುವವರಲ್ಲಿ ಎಷ್ಟೋ ಮಂದಿ ಬಾಗಿಲಲ್ಲೇ ಕೈಯನ್ನು ಹೊಟ್ಟೆಗೆ ಒತ್ತಿ ನಿಲ್ಲುತ್ತಾರೆ, ಎಲ್ಲಿ ಮುಟ್ಟಿಬಿಡುತ್ತಾರೋ ಅಂತ.

ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಆದರೆ ಈಗಿನ ಸ್ಥಿತಿಯಲ್ಲಿ ನಿಮ್ಮ ಭುಜವನ್ನು ಯಾರೂ ಜೋರಾಗಿ ಎಳೆಯಬಾರದು. ನಾನು ಎಳೆದರೂ ತಪ್ಪೇ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದಮೇಲೆ ಇಷ್ಟು ನೋವು ಯಾಕೆ? ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ನಿಮ್ಮ ತೊಂದರೆ ಇರುವುದು ಮೂಳೆಗಳ ಸುತ್ತ ಇರುವ ಚೀಲದಲ್ಲಿ. ಭುಜದ ಕೀಲಿನ ಸುತ್ತ ತೆಳ್ಳಗಿನ ಗಟ್ಟಿ ಪೊರೆಯ ಒಂದು ಚೀಲ ಇರುತ್ತದೆ. ಕಂಕುಳಿನ ಕಡೆ ಅದು ಸಡಿಲವಾಗಿ, ಮಡಿಕೆ ಬಿದ್ದಂತೆ ಇರುತ್ತದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಂಡು ಜಾಗ ಕೊಡುತ್ತದೆ. ಟೈಲರ್ ರವಿಕೆಯ ಕಂಕುಳನ್ನು ಬಿಗಿಯಾಗಿ ಹೊಲಿದುಬಿಟ್ಟರೆ ಕೈ ಎತ್ತಲು ಆಗುವುದಿಲ್ಲ ಅಲ್ವಾ? ಒಳಗೆ ಆಗಿರುವುದೂ ಹೆಚ್ಚುಕಡಿಮೆ ಅದೇ. ಚೀಲಕ್ಕೆ ಉರಿಯೂತ ಬಂದು, ದಪ್ಪವಾಗಿ, ಕುಗ್ಗಿದೆ. ಫ್ರೋಜನ್ ಶೋಲ್ಡರ್ ಅನ್ನುವ ಹೆಸರನ್ನು 1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಕೊಟ್ಟರು. ಹೆಸರು ಕೇಳಿ ತಂಡಿಯಿಂದ, ಏಸಿಯಿಂದ ಬಂತು ಅಂದುಕೊಳ್ಳುವವರಿದ್ದಾರೆ. ಚಳಿಗೂ ಇದಕ್ಕೂ ಸಂಬಂಧವಿಲ್ಲ.

ಸಂಬಂಧ ಇರುವುದು ನಿಮ್ಮ ಸಕ್ಕರೆಗೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 2ರಿಂದ 5 ಮಂದಿಗೆ ಇದು ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ 10ರಿಂದ 20 ಮಂದಿಗೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅದು ಚೀಲದ ನಾರಿಗೆ ಅಂಟಿಕೊಂಡು ಅದನ್ನು ಬಿರುಸು ಮಾಡುತ್ತದೆ. ಥೈರಾಯ್ಡ್ ತೊಂದರೆ ಇರುವವರಲ್ಲೂ ಇದು ಹೆಚ್ಚು. ಹಾಗಾಗಿ ಇತ್ತೀಚೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ.

ಪತ್ರ ಓದಿ ಕಾಯಿಲೆ ಹೇಳಬಾರದು, ಅದು ನನಗೆ ಗೊತ್ತು. ಆದರೆ ನಿಮ್ಮ ಡಾಕ್ಟರು ಹೇಳಿದ್ದಕ್ಕೂ ನೀವು ಬರೆದದ್ದಕ್ಕೂ ತಾಳೆಯಾಗುತ್ತದೆ. ಮನೆಯಲ್ಲೇ ಒಂದು ನೋಡಿಕೊಳ್ಳಬಹುದು. ಕುರ್ಚಿಯಲ್ಲಿ ಕುಳಿತು ಎರಡೂ ಮೊಣಕೈಗಳನ್ನು ಪಕ್ಕೆಗೆ ತಾಗಿಸಿ, ಮುಂಗೈ ನೇರ ಮುಂದಕ್ಕೆ ಚಾಚಿ. ಮೊಣಕೈ ಪಕ್ಕೆ ಬಿಡದ ಹಾಗೆ ಎರಡೂ ಕೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎಡಗೈ ಸಲೀಸಾಗಿ ಹೋಗಿ ಬಲಗೈ ಅರ್ಧಕ್ಕೇ ನಿಂತರೆ, ಮಗಳು ಮೆಲ್ಲಗೆ ಹಿಡಿದು ತಿರುಗಿಸಿದರೂ ಅಲ್ಲೇ ನಿಂತರೆ, ಚೀಲವೇ ಬಿಗಿದಿದೆ ಅನ್ನಬಹುದು. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ಹರಿದಿದ್ದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಹಾಗೆ ಹರಿದವರಿಗೆ ತಾವಾಗಿ ಎತ್ತಲು ಆಗುವುದಿಲ್ಲ, ಬೇರೆಯವರು ಎತ್ತಿದರೆ ಕೈ ಏಳುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಕಾಯಿಲೆ ಮೂರು ಹಂತದಲ್ಲಿ ಸಾಗುತ್ತದೆ. ಮೊದಲ ಕೆಲವು ತಿಂಗಳು ನೋವಿನ ಕಾಲ: ರಾತ್ರಿ ನಿದ್ದೆ ಕೆಡಿಸುವ ನೋವು, ದಿನೇ ದಿನೇ ಬಿಗಿಯುವ ಕೈ. ಆಮೇಲೆ ನೋವು ಇಳಿದು ಬಿಗಿತ ಮಾತ್ರ ಉಳಿಯುವ ಕಾಲ. ಕೊನೆಗೆ ನಿಧಾನಕ್ಕೆ ಸಡಿಲವಾಗುವ ಕಾಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಸಕ್ಕರೆ ಇರುವವರಿಗೆ ಸ್ವಲ್ಪ ಜಾಸ್ತಿ, ಕೆಲವರಿಗೆ ಕೊನೆಯಲ್ಲಿ ಅಷ್ಟಿಷ್ಟು ಬಿಗಿತ ಉಳಿಯುವುದೂ ಉಂಟು. ನಾಲ್ಕು ತಿಂಗಳು, ರಾತ್ರಿ ಎಚ್ಚರ, ಇನ್ನೂ ಬಿಗಿಯುತ್ತಿರುವ ಕೈ ನೋಡಿದರೆ ನೀವು ಮೊದಲ ಹಂತದಲ್ಲೇ ಇದ್ದೀರಿ ಅನ್ನಿಸುತ್ತದೆ.

ಈ ಹಂತದಲ್ಲಿ ಚೀಲ ಕೆಂಪಗೆ ಕೆರಳಿರುತ್ತದೆ. ಅದನ್ನು ಎಳೆದರೆ ಇನ್ನಷ್ಟು ಕೆರಳುತ್ತದೆ, ಇನ್ನಷ್ಟು ಬಿಗಿಯುತ್ತದೆ. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ 77 ಜನರನ್ನು ಎರಡು ವರ್ಷ ಗಮನಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ನೋವಿನ ಮಿತಿ ದಾಟಿ ಜೋರಾಗಿ ಎಳೆಯುವ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ನೋವಾಗದಷ್ಟು ಮಾತ್ರ ಕೈಯಾಡಿಸಲು ಹೇಳಿದರು. ಎರಡು ವರ್ಷದ ಕೊನೆಗೆ ಚೆನ್ನಾಗಿದ್ದದ್ದು ಮೆಲ್ಲಗೆ ಮಾಡಿದವರ ಭುಜ. ಚಿಕ್ಕ ಅಧ್ಯಯನವೇ, ಆದರೂ ನನ್ನ ಕ್ಲಿನಿಕ್ಕಿನಲ್ಲಿ ಕಂಡದ್ದಕ್ಕೂ ಅದಕ್ಕೂ ಹೊಂದಿಕೆಯಾಗುತ್ತದೆ. ನಿಮ್ಮ ಬಿಲ್ಡಿಂಗಿನವರು ಎರಡು ದಿನಕ್ಕೆ ಬಿಟ್ಟದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಬಹುಶಃ ಅವರನ್ನು ಮೊದಲ ಹಂತದಲ್ಲಿ ಮೂರನೇ ಹಂತದವರಂತೆ ಎಳೆದಿರಬೇಕು. ನಮ್ಮ ವೃತ್ತಿಯಲ್ಲಿ ಹಾಗೆ ಮಾಡುವವರಿದ್ದಾರೆ. ಅದನ್ನು ಮುಚ್ಚಿಟ್ಟು ನಾನು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ.

ಹಾಗಾದರೆ ನೋವೇ ಆಗುವುದಿಲ್ಲವೇ? ಆಗುತ್ತದೆ, ಸ್ವಲ್ಪ. ಒಂದು ಅಳತೆ ಇಟ್ಟುಕೊಳ್ಳಿ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದ ನೋವು ಹತ್ತು ಅಂದುಕೊಂಡರೆ, ವ್ಯಾಯಾಮದ ಹೊತ್ತಿನಲ್ಲಿ ಮೂರು ನಾಲ್ಕರವರೆಗೆ ಬಂದರೆ ಚಿಂತೆಯಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯಬೇಕು. ಆ ರಾತ್ರಿಯ ನಿದ್ದೆ ಹಿಂದಿನ ರಾತ್ರಿಗಿಂತ ಕೆಡಬಾರದು. ಕೆಟ್ಟರೆ ಮರುದಿನ ಹೋದವರೇ ಬಾಯಿಬಿಟ್ಟು ಹೇಳಿ, ‘ನಿನ್ನೆ ಜಾಸ್ತಿ ಆಯ್ತು’ ಅಂತ. ಸರಿಯಾದ ಫಿಸಿಯೊ ಅದನ್ನು ಕೇಳಿ ಬೇಸರ ಮಾಡಿಕೊಳ್ಳುವುದಿಲ್ಲ, ಅಂದಿನ ಚಿಕಿತ್ಸೆ ಬದಲಿಸುತ್ತಾರೆ. ಹಲ್ಲು ಕಚ್ಚಿ ಸಹಿಸಿದರೆ ಬೇಗ ಗುಣ ಅನ್ನುವುದು ಈ ಕಾಯಿಲೆಗೆ ಹೊಂದುವ ಮಾತಲ್ಲ.

ಮೊದಲ ದಿನ ಕೈಗೆ ಕೈ ಹಚ್ಚುವ ಮೊದಲು ಅವರು ನಿಮ್ಮ ಜೊತೆ ಮಾತಾಡಬೇಕು. ಯಾವಾಗಿಂದ, ರಾತ್ರಿ ಹೇಗೆ, ಸಕ್ಕರೆ ಎಷ್ಟು, ಬೇರೆ ಯಾವ ಮಾತ್ರೆ, ಹಿಂದೆ ಆಪರೇಷನ್ ಆಗಿದೆಯಾ, ಎಲ್ಲ ಕೇಳಬೇಕು. ಆಮೇಲೆ ಕುತ್ತಿಗೆ ನೋಡಬೇಕು, ಯಾಕೆಂದರೆ ಕುತ್ತಿಗೆಯ ನೋವು ಭುಜಕ್ಕೆ ಇಳಿಯುವುದುಂಟು. ಕೋನ ಅಳೆಯುವ ಸ್ಕೇಲಿನಿಂದ ನಿಮ್ಮ ಕೈ ಎಷ್ಟು ಡಿಗ್ರಿ ಏಳುತ್ತದೆ, ಎಷ್ಟು ತಿರುಗುತ್ತದೆ ಎಂದು ಅಳೆದು ಬರೆದಿಡಬೇಕು. ಈ ಬರೆದಿಡುವುದು ಬಹಳ ಮುಖ್ಯ. ಮೂರು ನಾಲ್ಕು ವಾರ ಕಳೆದ ಮೇಲೆ ಮತ್ತೆ ಅಳೆದಾಗ ತಾನೇ ಉಪಯೋಗ ಆಗುತ್ತಿದೆಯೋ ಇಲ್ಲವೋ ತಿಳಿಯುವುದು! ಏನೂ ಕೇಳದೆ, ಏನೂ ಅಳೆಯದೆ, ಚೀಟಿ ನೋಡಿ ಸೀದಾ ಮಂಚದ ಮೇಲೆ ಮಲಗಿಸಿ ಯಂತ್ರ ಹಚ್ಚಿ ಹೋಗುವ ಜಾಗವಾದರೆ ಬೇರೆ ಜಾಗ ಹುಡುಕಿ.

ಹೋಗುವಾಗ ಎಕ್ಸ್‌ರೇ, ಸಕ್ಕರೆಯ ರಿಪೋರ್ಟು, ಮಾತ್ರೆಗಳ ಪಟ್ಟಿ ಜೊತೆಗಿರಲಿ. ಊಟ ಬಿಟ್ಟು ಹೋಗಬೇಡಿ, ಸಕ್ಕರೆ ಇಳಿದೀತು. ಭುಜದ ಚಲನೆ ಕಾಣುವ ಹಾಗೆ ತೋಳಿಲ್ಲದ ಅಥವಾ ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಿಕೊಳ್ಳಿ. ಮಹಿಳಾ ಫಿಸಿಯೊ ಬೇಕು, ಅಥವಾ ಪರೀಕ್ಷೆ ಮಾಡುವಾಗ ಮಗಳು ಒಳಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು. ಸಂಕೋಚ ಬೇಡ.

ಕರೆಂಟಿನ ವಿಷಯ. ಅದು ಮನೆಯ ಕರೆಂಟಿನ ಶಾಕ್ ಅಲ್ಲ. ಚರ್ಮದ ಮೇಲೆ ಪ್ಯಾಡ್ ಇಟ್ಟು ಇರುವೆ ಹರಿದಾಡಿದಂತೆ ಜುಮುಜುಮು ಅನ್ನಿಸುವಷ್ಟು ಕೊಡುತ್ತಾರೆ. ಸ್ವಲ್ಪ ಹೊತ್ತು ನೋವು ಮರೆಸುತ್ತದೆ, ಅಷ್ಟೇ. ಬಿಗಿದ ಚೀಲವನ್ನು ಅದು ಸಡಿಲ ಮಾಡುವುದಿಲ್ಲ. ಅಲ್ಟ್ರಾಸೌಂಡ್ ಯಂತ್ರದಿಂದಲೂ ಈ ಕಾಯಿಲೆಗೆ ಹೇಳಿಕೊಳ್ಳುವ ಲಾಭ ಕಂಡಿಲ್ಲ. ಅರ್ಧ ಗಂಟೆಯ ಸಿಟಿಂಗ್‌ನಲ್ಲಿ ಅರ್ಧ ಗಂಟೆಯೂ ಯಂತ್ರವೇ ಆದರೆ ನಿಮ್ಮ ದುಡ್ಡು ಹೋಗುತ್ತಿದೆ ಎಂದೇ ಲೆಕ್ಕ. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಯಂತ್ರ ಹಚ್ಚುವ ಮೊದಲು ಕಡ್ಡಾಯವಾಗಿ ಹೇಳಬೇಕು. ದೇಹದಲ್ಲಿ ಲೋಹದ ರಾಡು, ಪ್ಲೇಟು ಇರುವವರೂ ಹೇಳಬೇಕು, ಆಳಕ್ಕೆ ಬಿಸಿ ಕೊಡುವ ಯಂತ್ರ ಅವರಿಗೆ ಆಗದು.

ಬಿಸಿಯ ಬಗ್ಗೆ ನಿಮಗೆ ವಿಶೇಷವಾಗಿ ಹೇಳಬೇಕು. ನಾನು ಕೆಲಸ ಶುರು ಮಾಡಿದ ಮೊದಲ ವರ್ಷದ ಮಾತು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರ ಹಿಮ್ಮಡಿಗೆ ಬಿಸಿ ಪ್ಯಾಕ್ ಇಟ್ಟಿದ್ದೆ. ಎರಡು ಸಲ ಕೇಳಿದೆ, ‘ಸುಡ್ತಾ ಇದೆಯಾ?’ ‘ಇಲ್ಲಮ್ಮ, ಹಾಯಾಗಿದೆ’ ಅಂದರು. ತೆಗೆದು ನೋಡಿದರೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಸಕ್ಕರೆಯಿಂದ ನರ ಮಂದವಾಗಿ ಅವರಿಗೆ ಸುಡುವುದೇ ಗೊತ್ತಾಗುತ್ತಿರಲಿಲ್ಲ. ಆ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಂದಿನಿಂದ ಬಿಸಿ ಇಡುವ ಮೊದಲು ಆ ಜಾಗಕ್ಕೆ ಒಂದು ಬಿಸಿನೀರಿನ, ಒಂದು ತಣ್ಣೀರಿನ ಚಿಕ್ಕ ಸೀಸೆ ಮುಟ್ಟಿಸಿ, ಕಣ್ಣು ಮುಚ್ಚಿ ಯಾವುದು ಯಾವುದು ಹೇಳಿ ಅನ್ನುತ್ತೇನೆ. ನಿಮಗೆ ಯಾರಾದರೂ ಶಾಖ ಕೊಡುವ ಮುನ್ನ ‘ನನಗೆ ಶುಗರ್ ಇದೆ, ಮೊದಲು ಚರ್ಮ ನೋಡಿ’ ಅನ್ನಿ. ಮನೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ನಿದ್ದೆ ಹೋಗಬೇಡಿ.

ಇನ್ನು ಜೀವನಪೂರ್ತಿ ಹೋಗಬೇಕು ಅನ್ನುವ ಮಾತು. ಇದು ಬರೀ ಭ್ರಮೆ. ಫಿಸಿಯೊಥೆರಪಿ ಚಟ ಹಿಡಿಸುವ ಮದ್ದಲ್ಲ. ಗುಣವಾದ ಭುಜಕ್ಕೆ ಅದು ಬೇಕಾಗುವುದಿಲ್ಲ. ಆದರೆ ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ನನಗೆ ಗೊತ್ತು. ಮನೆಯಲ್ಲಿ ಏನೂ ಮಾಡದೆ, ಕ್ಲಿನಿಕ್ಕಿನ ಮಂಚದ ಮೇಲೆ ಮಾತ್ರ ಚಿಕಿತ್ಸೆ ತಗೊಂಡವರಿಗೆ ಬಿಟ್ಟ ಕೂಡಲೇ ಮತ್ತೆ ಬಿಗಿಯುತ್ತದೆ. ಅವರು ಮತ್ತೆ ಹೋಗುತ್ತಾರೆ. ಫಿಸಿಯೊ ನಿಮ್ಮ ಜೊತೆ ಇರುವುದು ಅರ್ಧ ಗಂಟೆ. ಉಳಿದ ಇಪ್ಪತ್ತಮೂರೂವರೆ ಗಂಟೆ ಆ ಭುಜ ನಿಮ್ಮ ಹತ್ತಿರವೇ ಇರುತ್ತದೆ.

15 ಸಿಟಿಂಗ್ ಅನ್ನುವುದು ಶಾಸ್ತ್ರದಲ್ಲಿರುವ ಸಂಖ್ಯೆಯಲ್ಲ, ಬರೆಯುವ ಒಂದು ರೂಢಿ. ನಿಮ್ಮಂಥವರಿಗೆ ನಾನು 15 ದಿನ ಸತತ ಕರೆಯುವುದಿಲ್ಲ. ವಾರಕ್ಕೆ ಒಂದೋ ಎರಡೋ ಸಲ ಕರೆದು, ಮನೆಯ ವ್ಯಾಯಾಮ ಸರಿಪಡಿಸಿ, ತಿಂಗಳಿಗೊಮ್ಮೆ ಅಳೆಯುತ್ತೇನೆ. ಫೋರ್ಟ್‌ನಿಂದ ದಣಿದು ಬಂದು ದಿನಾ ಕ್ಲಿನಿಕ್ಕಿಗೆ ಓಡುವುದು ಯಾರಿಗೂ ಸಾಧ್ಯವಿಲ್ಲ, ಸುಮ್ನೆ ಮೂರನೇ ವಾರಕ್ಕೆ ಬಿಟ್ಟುಬಿಡುತ್ತೀರಿ. ಮೂವತ್ತು ಸಿಟಿಂಗ್‌ಗೆ ಮೊದಲೇ ದುಡ್ಡು ಕಟ್ಟಿದರೆ ರಿಯಾಯಿತಿ ಅನ್ನುವವರಿಗೆ ಮೊದಲ ದಿನವೇ ಒಪ್ಪಬೇಡಿ.

ಯಾರ ಹತ್ತಿರ ಹೋಗಬೇಕು? ಈಗ ಕೆಲಸ ಮಾಡುತ್ತಿರುವ ಫಿಸಿಯೊಗಳಲ್ಲಿ ಹೆಚ್ಚಿನವರು ನಾಲ್ಕೂವರೆ ವರ್ಷದ ಪದವಿ ಓದಿದವರು, ಕೆಲವರು ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡಿದವರು. ಮಹಾರಾಷ್ಟ್ರದಲ್ಲಿ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಇರುತ್ತದೆ. ಸಂಖ್ಯೆ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರ ಅನ್ನಿಸಿದರೆ ದೊಡ್ಡ ಸರಕಾರಿ, ಪಾಲಿಕೆ ಆಸ್ಪತ್ರೆಗಳನ್ನು ಮರೆಯಬೇಡಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಪೋಲಿಯೊ ಹಾವಳಿಯ ಕಾಲದಲ್ಲಿ, 1953ರಲ್ಲಿ, ನಮ್ಮ ದೇಶದ ಮೊದಲ ಫಿಸಿಯೊಥೆರಪಿ ಶಾಲೆ ಶುರುವಾಯಿತು. ಹಾಜಿ ಅಲಿಯ ಹತ್ತಿರ 1955ರಿಂದ ನಡೆಯುತ್ತಿರುವ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ. ನಿಮ್ಮ ದಾರಿಯಲ್ಲೇ ಸಯನ್ ಆಸ್ಪತ್ರೆ ಇದೆ. ಸಾಲಿನಲ್ಲಿ ಕಾಯಬೇಕು, ನಿಜ. ಎರಡು ಸಲ ಹೋಗಿ ಚೆನ್ನಾಗಿ ತೋರಿಸಿಕೊಂಡು ಮನೆಯಲ್ಲಿ ಮಾಡಿದರೂ ಬಹಳ ಆಗುತ್ತದೆ. ಆರೋಗ್ಯ ವಿಮೆಯನ್ನು ನಂಬಿ ಕೂರಬೇಡಿ, ಆಸ್ಪತ್ರೆಗೆ ದಾಖಲಾಗದೆ ಮಾಡಿಸಿಕೊಂಡ ಫಿಸಿಯೊಗೆ ಸಾಮಾನ್ಯ ಪಾಲಿಸಿಗಳು ಹಣ ಕೊಡುವುದಿಲ್ಲ.

ಅತ್ತೆಯವರ ಮಾತಿಗೆ ಏನು ಹೇಳಲಿ? ಅವರು ನಿಮ್ಮ ನೋವು ನೋಡಲಾರದೆ ಹೇಳುತ್ತಿದ್ದಾರೆ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಂಡರೆ ತೊಂದರೆಯಿಲ್ಲ, ಹಾಯೆನಿಸುತ್ತದೆ. ಆದರೆ ಇದು ಉಳುಕಲ್ಲ, ಕೀಲು ಜಾರಿಲ್ಲ, ಕೂರಿಸಲು ಅಲ್ಲಿ ಏನೂ ಇಲ್ಲ. 50 ದಾಟಿದ ಹೆಂಗಸರ ಮೂಳೆ ಸವೆದಿರಬಹುದು. ಬಿಗಿದ ಭುಜವನ್ನು ಹಠಾತ್ತನೆ ತಿರುಚಿದರೆ ತೋಳಿನ ಮೂಳೆ ಮುರಿಯಬಹುದು, ಸ್ನಾಯು ಹರಿಯಬಹುದು. ಅದನ್ನು ಅವರಿಗೆ ಹೀಗೇ ಬಿಡಿಸಿ ಹೇಳಿ.

ಫಿಸಿಯೊ ಒಂದೇ ದಾರಿಯಲ್ಲ. ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದು ಇನ್ನೊಂದು. ಸ್ಟೆರಾಯ್ಡ್ ಅಂದ ಕೂಡಲೇ ಹೆದರುತ್ತಾರೆ. ಆದರೆ ನಿದ್ದೆ ಕೆಡಿಸುವ ಮೊದಲ ಹಂತಕ್ಕೆ ಅದು ಒಳ್ಳೆಯ ಉಪಾಯ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ನೋವು ಇಳಿಯುತ್ತದೆ, ಆ ಹೊತ್ತಿನಲ್ಲಿ ವ್ಯಾಯಾಮ ಸಲೀಸಾಗುತ್ತದೆ. ನಿಮ್ಮ ಮಟ್ಟಿಗೆ ಒಂದು ಎಚ್ಚರ: ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಒಂದು ವಾರದವರೆಗೂ, ಸಕ್ಕರೆ ಏರುತ್ತದೆ. ಎಚ್‌ಬಿಎ1ಸಿ 8.4 ಇರುವಾಗ ಇದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. ಸಕ್ಕರೆಯ ಡಾಕ್ಟರಿಗೆ ಮೊದಲೇ ತಿಳಿಸಿ, ಮನೆಯಲ್ಲಿ ದಿನಾ ಬೆರಳು ಚುಚ್ಚಿ ನೋಡಿಕೊಳ್ಳಬೇಕು. ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಕೈ ಏಳದಿದ್ದರೆ ಮಾತ್ರ ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ಅಥವಾ ದುರ್ಬೀನು ಹಾಕಿ ಚೀಲ ಕತ್ತರಿಸುವುದು. ಇದರಲ್ಲಿ ಅರಿವಳಿಕೆಯ ಅಪಾಯ, ಅಪರೂಪಕ್ಕೆ ಮೂಳೆ ಮುರಿಯುವ ಅಪಾಯ ಇದೆ. ಈ ಎರಡನ್ನೂ, ಇಂಜೆಕ್ಷನ್ ಸೇರಿದ ಫಿಸಿಯೊಥೆರಪಿಯನ್ನೂ ಬ್ರಿಟನ್ನಿನಲ್ಲಿ 503 ರೋಗಿಗಳಲ್ಲಿ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ಮೂರರಲ್ಲಿ ಯಾವುದೂ ಇನ್ನೊಂದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಾಗಿರಲಿಲ್ಲ. ಹಾಗಾಗಿ ನಿಮ್ಮ ಜಾಗದಲ್ಲಿ ನನ್ನ ಅಕ್ಕ ಇದ್ದರೆ ಸಕ್ಕರೆ ಹಿಡಿತಕ್ಕೆ ತಂದು, ಇಂಜೆಕ್ಷನ್ ಬಗ್ಗೆ ಡಾಕ್ಟರಲ್ಲಿ ಮಾತಾಡಿ, ಮೆಲ್ಲಗಿನ ವ್ಯಾಯಾಮದಿಂದ ಶುರು ಮಾಡು ಅನ್ನುತ್ತಿದ್ದೆ. ಆಪರೇಷನ್ ಮಾತು ಈಗ ಎತ್ತುತ್ತಲೇ ಇರಲಿಲ್ಲ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಇದನ್ನು ಮಾಡಿ. ಎಡಗೈಯನ್ನು ಅಡುಗೆಮನೆಯ ಕಟ್ಟೆಗೆ ಊರಿ, ಸೊಂಟದಿಂದ ಮುಂದೆ ಬಗ್ಗಿ, ಬಲಗೈಯನ್ನು ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿಬಿಡಿ. ಭುಜದಿಂದ ಆಡಿಸಬೇಡಿ, ಮೈಯನ್ನು ಮೆಲ್ಲಗೆ ತೂಗಿ, ಕೈ ತಾನಾಗಿ ಲೋಲಕದಂತೆ ಆಡುತ್ತದೆ. ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ. ಹೆಸರು ಕೊಟ್ಟ ಅದೇ ಕಾಡ್‌ಮನ್ ಹೇಳಿಕೊಟ್ಟ ವ್ಯಾಯಾಮ ಇದು. ಇನ್ನೊಂದಕ್ಕೆ ಉದ್ದ ಹಿಡಿಯ ಮಳೆಗಾಲದ ಕೊಡೆ ಸಾಕು. ಮಲಗಿ, ಮೊಣಕೈ ಪಕ್ಕೆಗೆ ತಾಗಿಸಿ, ಕೊಡೆಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಎಡಗೈಯಿಂದ ದೂಡುತ್ತಾ ಬಲಗೈಯನ್ನು ಹೊರಕ್ಕೆ ತಿರುಗಿಸಿ. ಬಿಗಿ ಅನ್ನಿಸಿದಲ್ಲಿ ನಿಲ್ಲಿಸಿ, ಐದು ಎಣಿಸಿ, ವಾಪಸು. ಹತ್ತು ಸಲ. ರಾತ್ರಿ ಎಡ ಮಗ್ಗುಲಿಗೆ ಮಲಗಿ ಬಲಗೈ ಕೆಳಗೆ ಒಂದು ದಿಂಬು ತಬ್ಬಿಕೊಳ್ಳಿ. ಬೆನ್ನ ಮೇಲೆ ಮಲಗುವುದಾದರೆ ಬಲ ಮೊಣಕೈ ಕೆಳಗೆ ಮಡಿಸಿದ ಚಾದರ ಇಡಿ, ಭುಜ ಹಿಂದಕ್ಕೆ ಜೋತು ಬೀಳುವುದಿಲ್ಲ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಸುಮ್ಮನಿಡುವುದು ಮಾತ್ರ ಬೇಡ.

ಟ್ರೇನಿನ ಬಗ್ಗೆ ನನಗೆ ನಿಜಕ್ಕೂ ಚಿಂತೆ ಇದೆ. ಕೈ ಮೇಲೆ ಏಳದವರು ಗರ್ದಿಯಲ್ಲಿ ಬಾಗಿಲ ಹತ್ತಿರ ನಿಂತರೆ, ನೂಕು ಬಂದಾಗ ಕೈ ತಾನಾಗಿ ಏನನ್ನಾದರೂ ಹಿಡಿಯಲು ಹೋಗುತ್ತದೆ. ಆ ಒಂದು ಜಗ್ಗಿಗೆ ವಾರಗಳ ಕೆಲಸ ಹಾಳಾಗುತ್ತದೆ. ಕೆಲವು ತಿಂಗಳ ಮಟ್ಟಿಗೆ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದು ಕುಳಿತು ಹೋಗಿ, ಹೊತ್ತು ಜಾಸ್ತಿ ಹಿಡಿದರೂ ಸರಿ. ಬ್ಯಾಗು ಎಡ ಹೆಗಲಿಗೆ. ಲೇಡೀಸ್ ಡಬ್ಬಿಯಲ್ಲಿ ಭುಜದ ವಿಷಯ ಹೇಳಿ ಸೀಟು ಕೇಳಿ, ಕೊಡುತ್ತಾರೆ.

ಫಿಸಿಯೊಗೆ ಕಾಯದೆ ಡಾಕ್ಟರ ಬಳಿಗೇ ಓಡಬೇಕಾದ ಸಂದರ್ಭಗಳೂ ಇವೆ. ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ತೂಕ ಕಾರಣವಿಲ್ಲದೆ ಇಳಿದರೆ, ಕೈ ಜೋಮು ಹಿಡಿದು ಹಿಡಿತ ಸಡಿಲವಾದರೆ, ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ ತಡ ಮಾಡಬೇಡಿ. ಇನ್ನೊಂದನ್ನು ಸಕ್ಕರೆ ಇರುವ ಹೆಂಗಸರಿಗೆಲ್ಲ ಒತ್ತಿ ಹೇಳುತ್ತೇನೆ. ಸ್ಟೇಷನ್ನಿನ ಸೇತುವೆ ಹತ್ತುವಾಗ ಭುಜ, ತೋಳು, ದವಡೆ ನೋವು ಬಂದು, ನಿಂತರೆ ಇಳಿದರೆ, ಜೊತೆಗೆ ಉಸಿರು ಕಟ್ಟಿದರೆ, ಬೆವರು ಬಂದರೆ ಅದು ಭುಜದ ನೋವಲ್ಲ, ಹೃದಯದ್ದಿರಬಹುದು. ಎದೆ ನೋವು ಇಲ್ಲದೆಯೂ ಹಾಗಾಗುತ್ತದೆ. ಆಗ ನೇರ ಆಸ್ಪತ್ರೆಗೆ.

ಕೊನೆಯದಾಗಿ ನಿಮ್ಮ ಎಡಗೈ. ಸಕ್ಕರೆ ಇರುವವರಲ್ಲಿ ಒಂದು ಭುಜ ಗುಣವಾಗುವ ಹೊತ್ತಿಗೆ ಇನ್ನೊಂದು ಹಿಡಿಯುವುದು ಅಪರೂಪವಲ್ಲ. ವಾರಕ್ಕೊಮ್ಮೆ ಸ್ನಾನದ ಹೊತ್ತಿಗೆ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಹೆಬ್ಬೆರಳು ಎಲ್ಲಿಯವರೆಗೆ ಏರುತ್ತದೆ ನೋಡಿ. ಒಂದು ವಾರ ಅದು ಸೊಂಟದ ಹತ್ತಿರವೇ ನಿಂತುಬಿಟ್ಟರೆ ನಾಲ್ಕು ತಿಂಗಳು ಕಾಯಬೇಡಿ, ಅದೇ ವಾರ ತೋರಿಸಿ.